ಬಿಸಿಲು ಇಳಿಯದ ಕೋಣೆಗೆ ಬೆಳಕು

ಬೆಂಗಳೂರಿನಲ್ಲಿ ನಾವು ಆರು ವರ್ಷ ಬಾಡಿಗೆಗಿದ್ದ ಮನೆ ನೆಲಮಹಡಿಯದು. ಅಡುಗೆಮನೆಯ ಕಿಟಕಿ ತೆಗೆದರೆ ಮೂರಡಿ ಆಚೆಗೆ ಪಕ್ಕದ ಮನೆಯ ಗೋಡೆ. ಗಾರೆಯಾಗಿದ್ದರೂ ಬಣ್ಣ ಕಾಣದ, ಸಿಮೆಂಟಿನ ಬೂದು ಗೋಡೆ. ಬೆಳಿಗ್ಗೆ ಹತ್ತು ಗಂಟೆಗೂ ಟ್ಯೂಬ್‌ಲೈಟ್ ಹಾಕದೆ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಹಾಕಿದರೂ ದೀಪ ಬೆನ್ನ ಹಿಂದಿದ್ದುದರಿಂದ ಒಲೆಯ ಮುಂದೆ ನಿಂತವರ ನೆರಳು ಅವರು ಹೆಚ್ಚುತ್ತಿದ್ದ ತರಕಾರಿಯ ಮೇಲೇ ಬೀಳುತ್ತಿತ್ತು. ಅಕ್ಕಿ ಆರಿಸುವುದಿದ್ದರೆ ಅಮ್ಮ ಮೊರ ಎತ್ತಿಕೊಂಡು ಗೇಟಿನ ಹತ್ತಿರ ಹೋಗಿ ಕೂರುತ್ತಿದ್ದಳು. ಆ ಆರು ವರ್ಷದಲ್ಲಿ ದೀಪವನ್ನು ಎರಡು ಸಲ ಬದಲಿಸಿದೆವು. ಚೋಕಿನ ಹಳೆಯ ಟ್ಯೂಬ್ ಹೋಗಿ ಸಿಎಫ್‌ಎಲ್ ಬಂತು, ಅದೂ ಹೋಗಿ ಎಲ್‌ಇಡಿ ಬಂತು. ಕರೆಂಟ್ ಬಿಲ್ ಇಳಿಯಿತು. ಅಮ್ಮ ಗೇಟಿಗೆ ಹೋಗುವುದು ನಿಲ್ಲಲಿಲ್ಲ.

ಬಿಸಿಲು ಇಳಿಯದ ಜಾಗಕ್ಕೆ ಕಡಿಮೆ ಖರ್ಚಿನಲ್ಲಿ ಬೆಳಕು ತರುವುದು ಹೇಗೆ ಎಂಬ ಪ್ರಶ್ನೆ ಬಹಳ ಜನರದು. ಸೆಲ್ಲಾರ್‌ನ ಪಾರ್ಕಿಂಗ್‌ಗೆ ದೀಪ ಹಾಕಿಸಬೇಕಾದ ಅಪಾರ್ಟ್‌ಮೆಂಟ್ ಸಂಘ, ನೆಲಮಾಳಿಗೆಯ ಗೋದಾಮಿನಲ್ಲಿ ಲೆಕ್ಕ ಬರೆಯುವ ಗುಮಾಸ್ತ, ಮಗನ ಓದಿಗೆ ಜಾಗ ಹುಡುಕುವ ನೆಲಮಹಡಿಯ ಬಾಡಿಗೆದಾರ, ನ್ಯೂಜೆರ್ಸಿಯ ಮನೆಯ ಬೇಸ್‌ಮೆಂಟಿನಲ್ಲಿ ಗಣೇಶನನ್ನು ಕೂರಿಸುವ ಕನ್ನಡಿಗ, ಎಲ್ಲರೂ ಇದನ್ನು ಕೇಳುತ್ತಾರೆ. ಸಿಗುವ ಉತ್ತರಗಳು ಹಲವು. ಬಲ್ಬು ಬದಲಿಸಿ ಎನ್ನುವವರಿದ್ದಾರೆ, ಸುಣ್ಣ ಬಳಿಯಿರಿ ಎನ್ನುವವರಿದ್ದಾರೆ, ಸೂರಿಗೆ ಕಿಂಡಿ ಕೊರೆಯಿರಿ ಎನ್ನುವವರೂ ಇದ್ದಾರೆ. ಪ್ರತಿಯೊಂದರಲ್ಲೂ ಹುರುಳಿದೆ. ಆದರೆ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬಿದ್ದಂತಿಲ್ಲ. ಅವನ್ನೆಲ್ಲ ಒಂದೆಡೆ ಇಟ್ಟು ನೋಡುವ ಪ್ರಯತ್ನ ಇದು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಬಲ್ಬು ಅಗ್ಗವಾಗಿದೆ, ಅದು ಇರಬೇಕಾದ ಜಾಗ ಮಾತ್ರ ಇನ್ನೂ ದುಬಾರಿಯಾಗಿಯೇ ಉಳಿದಿದೆ.

ಬೆಳಕಿಂಡಿಯಿಂದ ಪಾಯಿಂಟ್‌ವರೆಗೆ

ನಮ್ಮ ಗಾರೆಯವರು 'ಬೇಸ್‌ಮೆಂಟ್' ಎಂದರೆ ಬಹಳ ಸಲ ಮನೆಯ ಅಡಿಪಾಯದ ಮೇಲೆ ಎತ್ತರಿಸಿದ ಕಟ್ಟೆ ಎಂದೇ ಅರ್ಥ. ನೆಲದ ಕೆಳಗಿನ ಅಂತಸ್ತಿಗೆ ಊರಲ್ಲಿ ನಡೆಯುವ ಮಾತು ಸೆಲ್ಲಾರ್. ಹಳೆಯ ಮಾತು ನೆಲಮಾಳಿಗೆ. ಉತ್ತರ ಕರ್ನಾಟಕದಲ್ಲಿ ಜೋಳ ತುಂಬುತ್ತಿದ್ದ ಹಗೇವು ನೆಲದೊಳಗಿನ ಜಾಗವೇ. ಅದರೊಳಗೆ ಇಳಿಯುತ್ತಿದ್ದುದು ವರ್ಷದಲ್ಲಿ ಕೆಲವೇ ಸಲ, ಅದೂ ಬಾಯಿ ತೆರೆದು ಗಾಳಿಯಾಡಲು ಬಿಟ್ಟ ಮೇಲೆ. ಅಲ್ಲಿ ಯಾರೂ ಓದಬೇಕಿರಲಿಲ್ಲ, ಹೊಲಿಯಬೇಕಿರಲಿಲ್ಲ. ನೆಲದ ಕೆಳಗೆ ದಿನವಿಡೀ ಮನುಷ್ಯರು ಇರುವುದು ನಮ್ಮಲ್ಲಿ ಇತ್ತೀಚಿನ ಸಂಗತಿ.

ಕತ್ತಲ ಕೋಣೆ ಮಾತ್ರ ಹೊಸದಲ್ಲ. ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆಗಳ ಗೋಡೆಯಲ್ಲಿ ಕಿಟಕಿ ಕಡಿಮೆ. ಸೂರಿನಲ್ಲಿ ಒಂದು ಬೆಳಕಿಂಡಿ. ಮಳೆ ಬಂದರೆ ಯಾರಾದರೂ ಮೇಲೆ ಹತ್ತಿ ಅದನ್ನು ಮುಚ್ಚಬೇಕು. ತೊಟ್ಟಿಮನೆಗಳು ನಡುವಿನ ತೊಟ್ಟಿಯಿಂದ ಆಕಾಶವನ್ನು ಒಳಗೆ ಇಳಿಸಿಕೊಂಡವು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡುಗಳಿಗೆ ಒಂದೇ ಅಳತೆಯ ಹೆಂಚು ಬಂತು. ಆ ಅಳತೆಯಲ್ಲೇ ಗಾಜಿನ ಹೆಂಚೂ ಬಂತು. ನಡುಮನೆಯ ಸೂರಿನಲ್ಲಿ ಒಂದು ಮಣ್ಣಿನ ಹೆಂಚು ತೆಗೆದು ಗಾಜಿನದನ್ನು ಕೂರಿಸಿದರೆ ಕೆಲಸ ಮುಗಿಯಿತು. ಬಡಗಿ ಬೇಡ, ಗಾರೆಯವರು ಬೇಡ. ಇಷ್ಟು ಕಡಿಮೆ ಖರ್ಚಿನ ಬೆಳಕಿನ ಸುಧಾರಣೆ ನಮ್ಮ ಮನೆಗಳಿಗೆ ಆಮೇಲೆ ಬಂದೇ ಇಲ್ಲ ಎಂದು ನನ್ನ ಅನಿಸಿಕೆ.

ವಿದ್ಯುತ್ತು ಬಂದದ್ದು ಬೇರೆ ದಾರಿಯಲ್ಲಿ. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತು. ಬೆಳಕಿಗೆ ಹೊಸ ಅಳತೆಯೊಂದೂ ಅದರ ಜೊತೆಗೆ ಬಂತು. ಅದೇ 'ಪಾಯಿಂಟ್'. ಎಲೆಕ್ಟ್ರಿಷಿಯನ್ ಇವತ್ತಿಗೂ ಕೂಲಿ ಹೇಳುವುದು ಪಾಯಿಂಟಿನ ಲೆಕ್ಕದಲ್ಲೇ. ಕರ್ನಾಟಕ ಸರ್ಕಾರ 1979–80ರಲ್ಲಿ ಭಾಗ್ಯಜ್ಯೋತಿ ತಂದಾಗ ಬಡವರ ಮನೆಗೆ ಸಿಕ್ಕಿದ್ದು ಒಂದು ಪಾಯಿಂಟ್, ಅದಕ್ಕೆ 40 ವ್ಯಾಟಿನ ಒಂದು ಬಲ್ಬು. ಬುಡ್ಡಿ ದೀಪದ ಹೊಗೆ ಕುಡಿಯುತ್ತಿದ್ದ ಮನೆಗೆ ಅದು ದೊಡ್ಡ ವರ. ಬುಡ್ಡಿಯಿಂದ ಬರುತ್ತಿದ್ದುದು ಹೆಚ್ಚೆಂದರೆ ಹತ್ತು ಲ್ಯೂಮೆನ್ನಿನ ಆಸುಪಾಸು. ಆ ಬಲ್ಬು ಕೊಟ್ಟಿದ್ದು ಸುಮಾರು 400. ಲ್ಯೂಮೆನ್ ಎಂದರೆ ದೀಪದಿಂದ ಹೊರಡುವ ಬೆಳಕಿನ ಮೊತ್ತ. ಅದು ಒಂದು ಚದರ ಮೀಟರಿಗೆ ಎಷ್ಟು ಬಿತ್ತು ಎಂಬುದೇ ಲಕ್ಸ್.

ಆ ಒಂದು ಪಾಯಿಂಟ್ ಎಲ್ಲಿ ಕೂತಿತು? ತಂತಿ ಕಡಿಮೆ ಹಿಡಿಯುವ ಕಡೆ. ಬಾಗಿಲ ಮೇಲೆ, ಇಲ್ಲವೇ ಕೋಣೆಯ ನಟ್ಟನಡುವೆ. ಆ ರೂಢಿ ನಮ್ಮನ್ನು ಬಿಟ್ಟಿಲ್ಲ. ಟ್ಯೂಬ್‌ಲೈಟ್ ಬಂದಾಗ ಗೋಡೆಯ ಮೇಲಂಚಿಗೆ ಹತ್ತಿತು. 2009ರಲ್ಲಿ ಕೇಂದ್ರದ ಬಚತ್ ಲ್ಯಾಂಪ್ ಯೋಜನೆಯಡಿ 15 ರೂಪಾಯಿಗೆ ಸಿಎಫ್‌ಎಲ್ ಕೊಟ್ಟರು, ಅದೂ ಹಳೆಯ ಹೋಲ್ಡರಿಗೇ ಹೋಗಿ ಕೂತಿತು. ನೀಲಿ ಎಲ್‌ಇಡಿ ಕಂಡುಹಿಡಿದದ್ದಕ್ಕೆ ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರಲ್ಲಿ ನೊಬೆಲ್ ಬಂತು. ಮರುವರ್ಷ ಜನವರಿಯಲ್ಲಿ ಅಗ್ಗದ ಎಲ್‌ಇಡಿ ಹಂಚುವ ಕೇಂದ್ರದ ಉಜಾಲಾ ಯೋಜನೆ, ಅದೇ ವರ್ಷದ ಕೊನೆಗೆ ಕರ್ನಾಟಕದಲ್ಲಿ 'ಹೊಸ ಬೆಳಕು' ಹೆಸರಿನಲ್ಲಿ 100 ರೂಪಾಯಿಗೆ 9 ವ್ಯಾಟಿನ ಬಲ್ಬು. ನೂರು ವರ್ಷದಲ್ಲಿ ದೀಪದ ಜಾತಿ ಮೂರು ಸಲ ಬದಲಾಯಿತು, ಪಾಯಿಂಟ್ ಇದ್ದಲ್ಲೇ ಇತ್ತು.

ಬಲ್ಬು ಬದಲಿಸಿದರೆ ಸಾಕು ಎನ್ನುವವರು

ಈಗ ಎಲ್ಲರಿಗಿಂತ ಗಟ್ಟಿ ದನಿ ಇವರದು, ಅದಕ್ಕೆ ಕಾರಣವೂ ಇದೆ. ಉಜಾಲಾಕ್ಕೆ ಸರ್ಕಾರ ಸಗಟಿನಲ್ಲಿ ಕೊಂಡ ಎಲ್‌ಇಡಿ ಬಲ್ಬಿನ ಬೆಲೆ 2014ರಲ್ಲಿ 310 ರೂಪಾಯಿ ಇದ್ದದ್ದು ಮೂರೇ ವರ್ಷದಲ್ಲಿ 38ಕ್ಕೆ ಇಳಿಯಿತು. ದೇಶದಲ್ಲಿ 36 ಕೋಟಿಗೂ ಹೆಚ್ಚು ಬಲ್ಬು ಹಂಚಿದರು. 60 ವ್ಯಾಟಿನ ಹಳೆಯ ಬಲ್ಬು ಕೊಡುತ್ತಿದ್ದ ಬೆಳಕಿಗೆ ಈಗ 8–9 ವ್ಯಾಟ್ ಸಾಕು. ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ ಹಳೆಯದು ತಿನ್ನುತ್ತಿದ್ದುದು 9 ಯೂನಿಟ್, ಹೊಸದು ತಿನ್ನುವುದು ಒಂದೂವರೆಗಿಂತ ಕಡಿಮೆ.

ಇವರ ಮಾತು ಪೂರ್ತಿ ಗೆಲ್ಲುವುದು ಅಪಾರ್ಟ್‌ಮೆಂಟಿನ ಸೆಲ್ಲಾರ್‌ನಲ್ಲಿ. ಅಲ್ಲಿ ದೀಪ ಹಗಲೂ ರಾತ್ರಿ ಉರಿಯಬೇಕು. 30 ಹಳೆಯ ಟ್ಯೂಬುಗಳಿವೆ ಎಂದುಕೊಳ್ಳಿ. ಚೋಕ್ ಸೇರಿ ಒಂದೊಂದಕ್ಕೂ 50 ವ್ಯಾಟ್ ಹಿಡಿದರೆ ತಿಂಗಳಿಗೆ 1,080 ಯೂನಿಟ್. 20 ವ್ಯಾಟಿನ ಎಲ್‌ಇಡಿ ಪಟ್ಟಿಗೆ ಬದಲಿಸಿದರೆ 432. ಉಳಿತಾಯ 648 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಲೆಕ್ಕ ಹಾಕಿದರೂ ತಿಂಗಳಿಗೆ ನಾಲ್ಕೂವರೆ ಸಾವಿರ. ಪಟ್ಟಿಯೊಂದಕ್ಕೆ 250 ರೂಪಾಯಿಯಂತೆ ಹಾಕಿದ ದುಡ್ಡು ಎರಡು ತಿಂಗಳೊಳಗೆ ವಾಪಸು. ರಾತ್ರಿ ಹನ್ನೊಂದರ ಮೇಲೆ ಅರ್ಧ ದೀಪ ತಾವಾಗಿ ಆರಿ, ಯಾರಾದರೂ ಬಂದಾಗ ಹತ್ತುವಂತೆ ಸೆನ್ಸರ್ ಹಾಕಿದರೆ ಇನ್ನೂ ಸ್ವಲ್ಪ ಉಳಿಯುತ್ತದೆ. ಇಷ್ಟು ಸ್ಪಷ್ಟ ಲಾಭವಿದ್ದೂ ಸಭೆಯಲ್ಲಿ ವರ್ಷಗಟ್ಟಲೆ ಮುಂದೂಡುವ ಸಂಘಗಳಿರುವುದು ನೋವಿನ ಸಂಗತಿ.

ಕೊಳ್ಳುವಾಗ ಗಮನಿಸಬೇಕಾದ್ದು ಕೆಲವಿದೆ. ಎಲ್‌ಇಡಿ ಬಲ್ಬಿನಲ್ಲಿ ಸಾಮಾನ್ಯವಾಗಿ ಮೊದಲು ಸಾಯುವುದು ಬೆಳಕು ಕೊಡುವ ಚಿಪ್ಪಲ್ಲ, ಅದಕ್ಕೆ ಕರೆಂಟ್ ಹದಮಾಡಿ ಕೊಡುವ ಡ್ರೈವರ್. ಡ್ರೈವರಿಗೆ ಶತ್ರು ಶಾಖ. ಮುಚ್ಚಿದ ಗಾಜಿನ ಗುಮ್ಮಟದೊಳಗೆ ಹಾಕಿದ ಬಲ್ಬು ಬೇಗ ಹೋಗುವುದು ಇದರಿಂದಲೇ. ಬಿಐಎಸ್ ನೋಂದಣಿಯ ಗುರುತಿಲ್ಲದ ಬಲ್ಬು ಸಂತೆಯಲ್ಲಿ ಅರ್ಧ ಬೆಲೆಗೆ ಸಿಗುತ್ತದೆ, ಅರ್ಧ ಆಯುಷ್ಯವೂ ಬಾಳುವ ಭರವಸೆಯಿಲ್ಲ. ಹಳೆಯ ಟ್ಯೂಬಿನ ಪಟ್ಟಿಗೇ ಎಲ್‌ಇಡಿ ಟ್ಯೂಬ್ ಹಾಕುವುದಾದರೆ ಬಹುತೇಕ ಮಾದರಿಗಳಲ್ಲಿ ಚೋಕ್ ತಪ್ಪಿಸಿ ತಂತಿ ಜೋಡಿಸಬೇಕು. ಅದು ಎಲೆಕ್ಟ್ರಿಷಿಯನ್ ಕೆಲಸ. ನೀರು ಒಸರುವ ಸೆಲ್ಲಾರ್‌ಗೆ ಧೂಳು, ನೀರು ತಡೆಯುವ ಐಪಿ 65 ದರ್ಜೆಯ ಫಿಟ್ಟಿಂಗೇ ಬೇಕು.

ಇಷ್ಟೆಲ್ಲ ಒಪ್ಪಿದ ಮೇಲೂ ಇವರ ವಾದ ವಿವರಿಸುವುದು ಬಿಲ್ಲನ್ನು. ಕತ್ತಲನ್ನು ಅದು ವಿವರಿಸುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ ಆದದ್ದು ಅದೇ.

ಸುಣ್ಣ ಮೊದಲು ಎನ್ನುವವರು

ಕತ್ತಲ ಕೋಣೆಯ ವಿಷಯದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಒಪ್ಪಿಸಿದ್ದು ಈ ಪಂಥ. ಇವರ ಮಾತು ಸರಳ. ದೀಪದಿಂದ ಹೊರಟ ಬೆಳಕು ಗೋಡೆಗೆ ಬಡಿಯುತ್ತದೆ. ಗೋಡೆ ಅದರಲ್ಲಿ ಒಂದು ಪಾಲನ್ನು ನುಂಗಿ ಉಳಿದುದನ್ನು ಹಿಂದಕ್ಕೆ ಕೊಡುತ್ತದೆ. ಹಿಂದಕ್ಕೆ ಬಂದದ್ದು ಇನ್ನೊಂದು ಗೋಡೆಗೆ, ಸೂರಿಗೆ, ನೆಲಕ್ಕೆ ಹೋಗಿ ಮತ್ತೆ ತಿರುಗುತ್ತದೆ. ಹೊಸ ಬಿಳಿ ಬಣ್ಣ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತರ ಹತ್ತಿರ ವಾಪಸು ಮಾಡುತ್ತದೆ. ಬರಿ ಸಿಮೆಂಟು ಮೂವತ್ತರ ಆಸುಪಾಸು. ಮಸಿ ಹಿಡಿದ ಗೋಡೆ ಹತ್ತನ್ನೂ ಕೊಡಲಾರದು.

ಕಿಟಕಿಯಿಲ್ಲದ ಮುಚ್ಚಿದ ಕೋಣೆಗೆ ಒಂದು ಸುಲಭ ಲೆಕ್ಕವಿದೆ. ಗೋಡೆ, ಸೂರು, ನೆಲ ಎಲ್ಲ ಸೇರಿ ಸರಾಸರಿ ನೂರಕ್ಕೆ 30 ಪಾಲು ಬೆಳಕನ್ನು ಹಿಂದಿರುಗಿಸಿದರೆ, ಓಡಾಡಿ ಓಡಾಡಿ ಆ ಕೋಣೆಯಲ್ಲಿ ಸೇರುವ ಬೆಳಕು ದೀಪ ಕೊಟ್ಟದ್ದರ 1.4 ಪಟ್ಟು. ಸರಾಸರಿ 50 ಆದರೆ ಎರಡು ಪಟ್ಟು. 70 ಆದರೆ 3.3 ಪಟ್ಟು. ದೀಪ ಅದೇ, ಕರೆಂಟ್ ಅದೇ, ಬೆಳಕು ಎರಡು ಪಟ್ಟಿಗೂ ಮಿಕ್ಕಿ ಹೆಚ್ಚಿತು. ಸಾಮಾನು ತುಂಬಿದ ನಿಜವಾದ ಕೋಣೆಯಲ್ಲಿ ಇಷ್ಟು ಚೊಕ್ಕಟವಾಗಿ ಆಗುವುದಿಲ್ಲ, ಆದರೆ ದಿಕ್ಕು ಇದೇ. ಬಿಸಿಲು ಬರುವ ಕೋಣೆಯಲ್ಲಿ ಗೋಡೆಯ ಬಣ್ಣ ರುಚಿಯ ಮಾತು. ಬಿಸಿಲು ಬಾರದ ಕೋಣೆಯಲ್ಲಿ ಅದು ದೀಪದ ಅರ್ಧ ಭಾಗ.

ಇದರಲ್ಲೂ ಮೊದಲು ಸೂರು. ಗೋಡೆಗೆ ಕಪಾಟು, ಕ್ಯಾಲೆಂಡರ್, ಗೂಟಕ್ಕೆ ತೂಗಿದ ಬಟ್ಟೆ, ಫ್ರಿಜ್ಜು ಅಡ್ಡ ಬರುತ್ತವೆ. ಸೂರಿಗೆ ಏನೂ ಅಡ್ಡ ಬರುವುದಿಲ್ಲ. ದೀಪದ ಮುಖವನ್ನು ಸೂರಿನ ಕಡೆ ತಿರುಗಿಸಿದರೆ ಬಿಳಿಯ ಸೂರೇ ದೊಡ್ಡ ದೀಪವಾಗಿ ನೆರಳು ಮೆತ್ತಗಾಗುತ್ತದೆ. ಏಳೂವರೆ ಅಡಿ ಎತ್ತರದ ತಗ್ಗು ಸೆಲ್ಲಾರ್‌ನಲ್ಲಿ ಕಣ್ಣಿಗೆ ನೇರ ಚುಚ್ಚುವ ಬಲ್ಬಿಗಿಂತ ಇದು ಎಷ್ಟೋ ಹಿತ. ಬಣ್ಣಕ್ಕೆ ಹೊಳಪು ಬೇಡ. ಹೊಳೆಯುವ ಗೋಡೆಯಲ್ಲಿ ದೀಪದ ಬಿಂಬ ಕಂಡು ಕಣ್ಣು ಕೋರೈಸುತ್ತದೆ.

ಆದರೆ ನೆಲಮಾಳಿಗೆಯ ಗೋಡೆಗೆ ನೆಲದ ತೇವ ಬಿಡುವುದಿಲ್ಲ. ಒದ್ದೆ ಗೋಡೆಗೆ ಪ್ಲಾಸ್ಟಿಕ್ ಅಂಶದ ಪೇಂಟ್ ಬಳಿದರೆ ಒಳಗಿನ ನೀರು ಹೊರಬರಲಾರದೆ ಗುಳ್ಳೆಯೆದ್ದು, ಮುಂದಿನ ಮಳೆಗಾಲಕ್ಕೆ ಹಪ್ಪಳದಂತೆ ಕಳಚಿ ಬೀಳುತ್ತದೆ. ಸುಣ್ಣ ಹಾಗಲ್ಲ, ಅದು ಉಸಿರಾಡುತ್ತದೆ. ತೇವ ಹೊರಹೋಗಲು ದಾರಿ ಬಿಡುತ್ತದೆ, ಬೂಸ್ಟಿಗೂ ಒಗ್ಗುವುದಿಲ್ಲ. ಪ್ರತಿ ವರ್ಷ ದೀಪಾವಳಿಗೋ ಯುಗಾದಿಗೋ ಮನೆಗೆ ಸುಣ್ಣ ಬಳಿಯುತ್ತಿದ್ದ ನಮ್ಮ ಪದ್ಧತಿಗೆ ಚೊಕ್ಕಟದ ಕಾರಣವಿತ್ತು, ಹಬ್ಬದ ಕಾರಣವಿತ್ತು. ಬುಡ್ಡಿಯ ಮಸಿ ಕೂತ ಗೋಡೆಯಿಂದ ಮುಂದಿನ ಒಂದು ವರ್ಷಕ್ಕೆ ಬೆಳಕು ಹಿಂದೆ ಪಡೆಯುವ ಕೆಲಸವೂ ಅದರಿಂದ ಆಗುತ್ತಿತ್ತು. ಸುಣ್ಣದ ದೋಷವೆಂದರೆ ಒರಗಿದರೆ ಬಟ್ಟೆಗೆ ಹತ್ತುವುದು, ಮತ್ತೆ ಮತ್ತೆ ಬಳಿಯಬೇಕಾದದ್ದು.

ಈ ಪಂಥದ ಇನ್ನೊಂದು ಸಲಹೆ ಕೇಳಿ ಮೊದಲು ನನಗೆ ಅಚ್ಚರಿಯಾಯಿತು: ನಿಮ್ಮ ಗೋಡೆಗಿಂತ ಮೊದಲು ಪಕ್ಕದ ಮನೆಯ ಗೋಡೆಗೆ ಬಿಳಿ ಬಳಿಸಿ. ಮೂರಡಿ ಸಂದಿಯಲ್ಲಿ ನಮ್ಮ ಕಿಟಕಿಗೆ ಕಾಣುವುದು ಆಕಾಶವಲ್ಲ, ಎದುರು ಗೋಡೆ. ಸಂದಿಯೊಳಗೆ ಇಳಿದ ಬೆಳಕು ಎರಡು ಗೋಡೆಗಳ ನಡುವೆ ಪುಟಿಯುತ್ತಾ ನೆಲಮಹಡಿಗೆ ಬರಬೇಕು. ಎರಡೂ ಬೂದು ಸಿಮೆಂಟಾದರೆ ದಾರಿಯಲ್ಲೇ ಖರ್ಚಾಗುತ್ತದೆ. ನೆರೆಯವರ ಒಪ್ಪಿಗೆ ಪಡೆದು ಅವರ ಗೋಡೆಯ ಆ ಒಂದು ಪಾಲಿಗೆ ಒಂದು ಡಬ್ಬಿ ಬಿಳಿ ಬಳಿಸುವುದಕ್ಕಿಂತ ಅಗ್ಗದ ಕಿಟಕಿ ಇನ್ನೊಂದಿಲ್ಲ.

ಆಕಾಶವನ್ನೇ ಇಳಿಸುವವರು

ವಾಸ್ತುಶಿಲ್ಪಿಗಳಲ್ಲಿ ಹಲವರು ಈ ಪಂಥದವರು. ಮೋಡ ಕವಿದ ಹಗಲಿನಲ್ಲೂ ಹೊರಗೆ 10,000 ಲಕ್ಸಿನಷ್ಟು ಬೆಳಕಿರುತ್ತದೆ. ನೆತ್ತಿಯ ಬಿಸಿಲಿನಲ್ಲಿ ಲಕ್ಷದ ಹತ್ತಿರ. ಅದರ ಒಂದು ಚೂರು ಒಳಗೆ ಬಂದರೆ ಸಾಕು ಎನ್ನುತ್ತಾರೆ. ಹಗಲು ಬೆಳಕಿನ ಭಾರತೀಯ ಮಾನಕ ಹೊರಗಿನ ಬೆಳಕನ್ನು 8,000 ಲಕ್ಸ್ ಎಂದು ಹಿಡಿದು, ಅದರ ನೂರಕ್ಕೆ 2.5 ಪಾಲು ಅಡುಗೆಮನೆಗೆ ಸಿಗಬೇಕೆನ್ನುತ್ತದೆ. ಅಂದರೆ 200 ಲಕ್ಸ್. ಕೂರುವ ಕೋಣೆಗೆ ಅದರ ಕಾಲು ಭಾಗ.

ಮಂಗಳೂರು ಹೆಂಚಿನ ಸೂರಿನಲ್ಲಿ ಒಂದು ಹೆಂಚು ಮುಚ್ಚುವ ಜಾಗ ಚದರ ಮೀಟರಿನ ಹದಿನೈದನೇ ಒಂದು ಪಾಲು. ಗಾಜಿನ ಹೆಂಚು ಬಿದ್ದ ಬೆಳಕಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು ಒಳಗೆ ಬಿಟ್ಟರೂ, ಮೋಡದ ದಿನ 400 ಲ್ಯೂಮೆನ್ ಆಯಿತು. ಭಾಗ್ಯಜ್ಯೋತಿಯ ಬಲ್ಬಿನಷ್ಟೇ ಬೆಳಕು, ಮೀಟರಿಲ್ಲದೆ. ಬಿಸಿಲು ಬಿದ್ದಾಗ ಅದರ ಎಷ್ಟೋ ಪಟ್ಟು. 2002ರ ಹೊತ್ತಿಗೆ ಬ್ರೆಜಿಲಿನ ಮೆಕ್ಯಾನಿಕ್ ಆಲ್ಫ್ರೆಡೊ ಮೋಸರ್ ನೀರು ಮತ್ತು ಸ್ವಲ್ಪ ಬ್ಲೀಚ್ ತುಂಬಿದ ಪ್ಲಾಸ್ಟಿಕ್ ಬಾಟಲಿಯನ್ನು ತಗಡಿನ ಸೂರಿಗೆ ತೂರಿಸಿ ಮಾಡಿದ್ದೂ ಇದನ್ನೇ. ಆಮೇಲೆ ಅದು ಫಿಲಿಪೀನ್ಸಿನ ಬಡ ಬಡಾವಣೆಗಳಿಗೆ ಹಬ್ಬಿತು.

ಈ ಪಂಥದ ಮಿತಿ ಕಾಂಕ್ರೀಟು. ಹೆಂಚು, ತಗಡು ತೆಗೆಯಬಹುದು. ಮೋಲ್ಡ್ ಕೊರೆಯುವುದು ಬೇರೆ ಮಾತು. ಕಬ್ಬಿಣ ಕತ್ತರಿಸಿದರೆ ಬಲ ಹೋಗುತ್ತದೆ, ಸರಿಯಾಗಿ ಮುಚ್ಚದಿದ್ದರೆ ನೀರು ಸೋರುತ್ತದೆ. ಮೇಲೆ ಇನ್ನೆರಡು ಮಹಡಿಗಳಿದ್ದರಂತೂ ಕೊರೆಯುವ ಮಾತೇ ಇಲ್ಲ. ನೆಲಮಾಳಿಗೆಗೆ ಉಳಿಯುವುದು ಗೋಡೆಯ ಮೇಲಂಚಿನ ವೆಂಟಿಲೇಟರ್ ಮಾತ್ರ. ಅದರ ಹೊರಗಿನ ಕಸ ತೆಗೆದು, ಗಾಜು ತೊಳೆದು, ಅದರ ಹಳ್ಳದ ಗೋಡೆಗೆ ಬಿಳಿ ಬಳಿದರೆ ಬರುವ ವ್ಯತ್ಯಾಸ ನೋಡಿದವರಿಗೇ ಗೊತ್ತು.

ನಿಯಮದ ಒಂದು ಕುರುಡನ್ನೂ ಇಲ್ಲಿ ಹೇಳಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆ ಒಣ ಸೆಕೆಯ ಸೀಮೆಯಲ್ಲಿ ಕೋಣೆಯ ನೆಲದ ಹತ್ತನೇ ಒಂದು ಪಾಲು, ತೇವದ ಸೆಕೆಯ ಸೀಮೆಯಲ್ಲಿ ಆರನೇ ಒಂದು ಪಾಲು ಕಿಟಕಿ ಇರಬೇಕೆನ್ನುತ್ತದೆ. ಅಳೆಯುವುದು ಕಿಟಕಿಯ ಅಗಲ ಉದ್ದವನ್ನು. ಆ ಕಿಟಕಿಗೆ ಎಷ್ಟು ಆಕಾಶ ಕಾಣುತ್ತದೆ ಎಂಬುದನ್ನಲ್ಲ. ನಮ್ಮ ಆ ಅಡುಗೆಮನೆ ಕಾಗದದ ಮೇಲೆ ಪಾಸಾಗಿತ್ತು.

ಕೆಲಸದ ಮೇಲೆ ದೀಪ

ಇಡೀ ಕೋಣೆಯನ್ನು ಏಕೆ ಬೆಳಗಬೇಕು ಎಂದು ಈ ಪಂಥದವರು ಕೇಳುತ್ತಾರೆ. 10×12 ಅಡಿಯ ಕೋಣೆಯಲ್ಲಿ 2,000 ಲ್ಯೂಮೆನ್ನಿನ ಎಲ್‌ಇಡಿ ಪಟ್ಟಿ ಹಾಕಿದರೆ, ಗೋಡೆ ತಿಳಿಬಣ್ಣದ್ದಾದರೂ ಕೆಲಸದ ಮಟ್ಟಕ್ಕೆ ಸಿಗುವುದು ಸುಮಾರು 90 ಲಕ್ಸ್. ಮಸುಕು ಗೋಡೆಯಾದರೆ 50ರ ಆಚೀಚೆ. ತರಕಾರಿ ಹೆಚ್ಚಲು ಬೇಕಾದದ್ದು 200. ಆ ಮಟ್ಟಕ್ಕೆ ಇಡೀ ಕೋಣೆಯನ್ನು ಎತ್ತಲು ಎರಡು ಮೂರು ಪಟ್ಟಿ ಬೇಕು. ಬದಲಿಗೆ ಚಿಕ್ಕ ದೀಪವೊಂದನ್ನು ಕಟ್ಟೆಯ ಮೇಲಿನ ಲಾಫ್ಟ್ ಅಡಿಗೆ ಅಂಟಿಸಿದರೆ ನೆರಳಿನ ತೊಂದರೆಯೂ ಹೋಯಿತು, ಬೆಳಕೂ ಸಾಲುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ ಎಂಬುದು ಹಳೆಯ ನಿಯಮ. ಎರಡು ಮೀಟರ್ ಮೇಲಿನ ಬಲ್ಬನ್ನು ಪುಸ್ತಕದಿಂದ ಅರ್ಧ ಮೀಟರಿಗೆ ತಂದರೆ ಪುಟದ ಮೇಲೆ ಹದಿನಾರು ಪಟ್ಟು ಬೆಳಕು.

ಹರೀಶ್ ಹಂದೆಯವರ ಸೆಲ್ಕೊ 1995ರಿಂದ ಕರ್ನಾಟಕದ ಹಳ್ಳಿಗಳಲ್ಲಿ ಸೌರದೀಪ ಹಾಕುತ್ತಾ ಬಂದದ್ದು ಈ ದಾರಿಯಲ್ಲೇ. ಸೌರ ವಿದ್ಯುತ್ತು ಆಗ ದುಬಾರಿ, ಒಂದು ವ್ಯಾಟನ್ನೂ ಪೋಲು ಮಾಡುವಂತಿರಲಿಲ್ಲ. ಮನೆಯವರು ಯಾವ ಹೊತ್ತಿಗೆ ಎಲ್ಲಿ ಕೂತು ಏನು ಮಾಡುತ್ತಾರೆ ಎಂದು ಕೇಳಿ ದೀಪದ ಜಾಗ ಗೊತ್ತುಮಾಡುವುದು ಆ ಅಭಾವದಿಂದ ಬಂದ ವಿವೇಕ. ಬಲ್ಬು ಅಗ್ಗವಾದ ಮೇಲೆ ಊರಿನ ಮನೆಗಳು ಈ ಪ್ರಶ್ನೆಯನ್ನೇ ಮರೆತವು.

ಅಡ್ಡಿ ಬರುವುದು ಮತ್ತೆ ಪಾಯಿಂಟ್. ನಮ್ಮಲ್ಲಿ ತಂತಿಯ ಪೈಪು ಮೋಲ್ಡಿನೊಳಗೆ, ಗೋಡೆಯೊಳಗೆ ಹೂತಿರುತ್ತದೆ. ಹೊಸ ಪಾಯಿಂಟ್ ಬೇಕೆಂದರೆ ಗೋಡೆ ಕೊರೆದು, ಪೈಪ್ ಹಾಕಿ, ಗಾರೆ ಮೆತ್ತಿ, ಬಣ್ಣ ಹಚ್ಚಬೇಕು. ನೂರು ರೂಪಾಯಿಯ ದೀಪಕ್ಕೆ ಅದರ ಎಷ್ಟೋ ಪಟ್ಟು ಕೂಲಿ. ಅಗ್ಗದ ದಾರಿ ಗೋಡೆಯ ಮೇಲೇ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿ ಹೊಡೆದು ತಂತಿ ಎಳೆಯುವುದು. ನೋಟಕ್ಕೆ ಚೆಂದವಲ್ಲವೆಂದು ಎಷ್ಟೋ ಮಾಲೀಕರು ಒಪ್ಪುವುದಿಲ್ಲ. ವೈರಿಂಗ್ ನಿಯಮ ಒಂದು ಲೈಟ್ ಸರ್ಕ್ಯೂಟಿಗೆ 10 ಪಾಯಿಂಟ್ ಅಥವಾ 800 ವ್ಯಾಟ್ ಮಿತಿ ಹಾಕಿತ್ತು. ಹತ್ತು ಎಲ್‌ಇಡಿ ಸೇರಿದರೂ ನೂರು ವ್ಯಾಟ್ ದಾಟದ ಈ ಕಾಲದಲ್ಲಿ ಭಾರದ ಭಯವಿಲ್ಲ. ಆದರೂ ಪ್ಲಗ್ಗಿನಿಂದ ಎಕ್ಸ್‌ಟೆನ್ಷನ್ ಬೋರ್ಡು, ಅದರಿಂದ ಇನ್ನೊಂದು ಬೋರ್ಡು ಎಂದು ತೇವದ ನೆಲದ ಮೇಲೆ ತಂತಿ ಹರಡುವುದನ್ನು ಯಾವ ಬಜೆಟ್ಟಿನ ನೆಪದಲ್ಲೂ ಮಾಡಬಾರದು. ಕರೆಂಟ್ ಸೋರಿದರೆ ತಾನಾಗಿ ಕಡಿಯುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದ ನೆಲಮಾಳಿಗೆಯಲ್ಲಿ ಮೊದಲ ದುಡ್ಡು ಹೋಗಬೇಕಾದದ್ದು ಅದಕ್ಕೆ.

ಕಣ್ಣು, ನಿದ್ದೆ, ಬಣ್ಣ

ದೀಪದ ಬಣ್ಣದ ಬಗ್ಗೆ ಜಗಳ ಹಳೆಯದು. 1941ರಲ್ಲಿ ಡಚ್ ವಿಜ್ಞಾನಿ ಕ್ರೂಯಿಟಾಫ್, ಬೆಳಕು ಕಡಿಮೆಯಿದ್ದಾಗ ಹಳದಿ ಛಾಯೆ ಹಿತ, ಬಿಳಿ ನೀಲಿ ಛಾಯೆ ಮಂಕು ಎಂದು ರೇಖೆ ಬರೆದು ತೋರಿಸಿದರು. ಆಮೇಲಿನ ಪರೀಕ್ಷೆಗಳಲ್ಲಿ ಹಲವು ಅದನ್ನು ಪೂರ್ತಿ ಒಪ್ಪಲಿಲ್ಲ. ನಮ್ಮ ಅಂಗಡಿಗಳಲ್ಲಿ ಕೇಳುವ ಬಲ್ಬು 6500 ಕೆಲ್ವಿನ್ನಿನ ಹಾಲುಬಿಳಿ. ಅಮೆರಿಕದ ಮನೆಗಳಲ್ಲಿ 2700ರ ಹಳದಿ. ಸೆಕೆಯ ಸೀಮೆಯವರಿಗೆ ತಂಪು ಬಣ್ಣ ಇಷ್ಟ ಎಂಬ ವಿವರಣೆ ಕೇಳಿದ್ದೇನೆ, ಟ್ಯೂಬ್‌ಲೈಟಿನ ಅಭ್ಯಾಸವೇ ಮುಖ್ಯ ಕಾರಣವೆಂದು ನನ್ನ ಊಹೆ.

ಕಣ್ಣಿನ ಪಾಪೆಯ ಹಿಂದೆ, ನೋಡುವುದಕ್ಕಲ್ಲದೆ ಹಗಲು ರಾತ್ರಿ ತಿಳಿಯುವುದಕ್ಕೇ ಇರುವ ಜೀವಕೋಶಗಳು 2002ರಲ್ಲಿ ಸ್ಪಷ್ಟವಾದ ಮೇಲೆ ವಾದದ ರೂಪವೇ ಬದಲಾಯಿತು. 2022ರಲ್ಲಿ ಈ ಕ್ಷೇತ್ರದ ವಿಜ್ಞಾನಿಗಳು ಸೇರಿ ಒಂದು ಶಿಫಾರಸು ಪ್ರಕಟಿಸಿದರು: ಆ ಕೋಶಗಳ ಅಳತೆಯಲ್ಲಿ ಹಗಲು ಕಣ್ಣಿನ ಮಟ್ಟಕ್ಕೆ ಕನಿಷ್ಠ 250 ಲಕ್ಸ್, ಮಲಗುವ ಮುಂಚಿನ ಮೂರು ಗಂಟೆ 10ಕ್ಕಿಂತ ಕಡಿಮೆ. ನಮ್ಮ ನೆಲಮಹಡಿಯ ಮನೆಗಳಲ್ಲಿ ಇದು ತಲೆಕೆಳಗು. ಹಗಲು ಮಬ್ಬು, ರಾತ್ರಿ ಝಗಮಗ.

ಅಗ್ಗದ ಎಲ್‌ಇಡಿಯ ಇನ್ನೊಂದು ದೂರು ಮಿಣುಕು. 50 ಹರ್ಟ್ಸ್ ಕರೆಂಟಿನಲ್ಲಿ ಕಳಪೆ ಡ್ರೈವರಿನ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಕಾಣದಿದ್ದರೂ ಕೆಲವರಿಗೆ ತಲೆನೋವು ತರುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ದೀಪ ನೋಡಿದಾಗ ಕಪ್ಪು ಪಟ್ಟೆ ಓಡಿದರೆ ಅಂಥ ಬಲ್ಬನ್ನು ಓದುವ ಕೋಣೆಗೆ ಹಾಕಬೇಡಿ.

ಕಡಲಾಚೆಯ ಬೇಸ್‌ಮೆಂಟ್

ಅಮೆರಿಕ, ಕೆನಡಾಗಳ ಕನ್ನಡಿಗರ ಬೇಸ್‌ಮೆಂಟಿನ ಸಮಸ್ಯೆ ಸ್ವಲ್ಪ ಬೇರೆ. ಚಳಿಗೆ ಅಡಿಪಾಯವನ್ನು ಆಳಕ್ಕೆ ಒಯ್ಯಲೇಬೇಕಾದ ಸೀಮೆಯಲ್ಲಿ ನೆಲಮಾಳಿಗೆ ತಾನಾಗಿ ಸಿಗುತ್ತದೆ. ಮೂಲದಲ್ಲಿ ಅಲ್ಲಿರುವುದು ಹಗ್ಗ ಎಳೆದರೆ ಹತ್ತುವ ಒಂದೆರಡು ಬಲ್ಬು. ಭಜನೆಗೆ, ಮಕ್ಕಳ ಕನ್ನಡ ತರಗತಿಗೆ, ನಾಟಕದ ತಾಲೀಮಿಗೆ ಅದೇ ಜಾಗವಾದಾಗ ಬೆಳಕಿನ ಚಿಂತೆ ಶುರು. ಸೂರು ಮರದ ತೊಲೆಗಳದ್ದಾದ್ದರಿಂದ ಹೊಸ ತಂತಿ ಎಳೆಯುವುದು ಅಲ್ಲಿ ನಮ್ಮಲ್ಲಿಗಿಂತ ಸುಲಭ. ಅರ್ಧ ಇಂಚು ದಪ್ಪದ ತೆಳು ಎಲ್‌ಇಡಿ ಬಿಲ್ಲೆಗಳನ್ನು ಸೂರಿಗೆ ಕೂರಿಸುವುದು ಈಗಿನ ರೂಢಿ. 2023ರ ಆಗಸ್ಟಿನಿಂದ ವ್ಯಾಟಿಗೆ 45 ಲ್ಯೂಮೆನ್ ಕೊಡದ ಸಾಮಾನ್ಯ ಬಲ್ಬನ್ನು ಅಮೆರಿಕದಲ್ಲಿ ಮಾರುವಂತಿಲ್ಲವಾದ್ದರಿಂದ ಬಲ್ಬಿನ ವಾದ ಮುಗಿದಂತೆಯೇ.

ಅಲ್ಲಿನ ಜಗಳ ತೆರೆದ ತೊಲೆಗಳಿಗೆ ಯಾವ ಬಣ್ಣ ಎಂಬುದರದು. ಕಪ್ಪು ಬಳಿದರೆ ಪೈಪು, ಗಾಳಿಯ ಕೊಳವೆಗಳು ಮರೆಯಾಗುತ್ತವೆ. ಬಿಳಿ ಬಳಿದರೆ ಬೆಳಕು ಉಳಿಯುತ್ತದೆ. ಖರ್ಚು ನೋಡುವವರು ಬಿಳಿಯನ್ನೇ ಆರಿಸಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಮಲಗುವ ಕೋಣೆ ಮಾಡುವುದಾದರೆ ತುರ್ತಿಗೆ ಹೊರಬರುವಷ್ಟು ತೆರೆಯುವ ಕಿಟಕಿ ಇರಬೇಕೆಂದು ಅಲ್ಲಿನ ಮಾದರಿ ಸಂಹಿತೆ ಹೇಳುತ್ತದೆ. ಬೆಂಕಿಗೆ ಮಾಡಿದ ನಿಯಮ, ಬೆಳಕನ್ನೂ ತಂದಿತು.

ಇನ್ನೂ ಇತ್ಯರ್ಥವಾಗದ್ದು

ಎಷ್ಟು ಬೆಳಕು ಸಾಕು? ಮಾನಕಗಳು ಒಂದು ಸಂಖ್ಯೆ ಕೊಡುತ್ತವೆ, ಆದರೆ ಕಣ್ಣುಗಳು ಒಂದೇ ಅಲ್ಲ. ಅರವತ್ತರ ಕಣ್ಣಿನ ಒಳಪರದೆಗೆ ಮುಟ್ಟುವ ಬೆಳಕು ಇಪ್ಪತ್ತರ ಕಣ್ಣಿಗೆ ಮುಟ್ಟುವುದರ ಮೂರನೇ ಒಂದು ಪಾಲು. ಮನೆಯಲ್ಲಿ ಹಗಲು ಹೆಚ್ಚು ಹೊತ್ತು ಇರುವವರು ವಯಸ್ಸಾದವರೇ. 200 ಲಕ್ಸಿನ ಅಡುಗೆಮನೆ ಸೊಸೆಗೆ ಬೆಳಕು, ಅತ್ತೆಗೆ ಮಬ್ಬು. ಯಾರ ಕಣ್ಣಿಗೆ ಅಳತೆ ಎಂಬುದನ್ನು ಯಾರೂ ತೀರ್ಮಾನಿಸಿಲ್ಲ.

ಅಗ್ಗದ ಬೆಳಕು ನಿಜವಾಗಿ ಉಳಿಸಿತೇ? ದಕ್ಷತೆ ಹೆಚ್ಚಿದರೆ ಬಳಕೆಯೂ ಹೆಚ್ಚುತ್ತದೆ ಎಂದು ಅರ್ಥಶಾಸ್ತ್ರಜ್ಞ ಜೆವನ್ಸ್ ಕಲ್ಲಿದ್ದಲಿನ ಬಗ್ಗೆ 1865ರಲ್ಲೇ ಬರೆದಿದ್ದರು. ಒಂದು ಟ್ಯೂಬ್ ಇದ್ದ ಹಾಲಿನಲ್ಲಿ ಈಗ ಸುಳ್ಳು ಸೂರಿನ ತುಂಬ ಹನ್ನೆರಡು ದೀಪ. ಆದರೆ ಕತ್ತಲಲ್ಲಿ ಓದುತ್ತಿದ್ದ ಮಗುವಿಗೆ ಎರಡನೇ ದೀಪ ಸಿಕ್ಕಿದರೆ ಅದನ್ನು ಪೋಲು ಎನ್ನಲಾಗದು. ಎರಡೂ ಒಂದೇ ಅಂಕಿಯಲ್ಲಿ ಬೆರೆತುಹೋಗುತ್ತವೆ.

ಕಸದ ಪ್ರಶ್ನೆಯೂ ಹಾಗೇ ಇದೆ. ಪಾದರಸದ ಕಾರಣಕ್ಕೆ ಟ್ಯೂಬ್‌ಲೈಟುಗಳನ್ನು 2027ರೊಳಗೆ ಕೈಬಿಡಲು 2023ರಲ್ಲಿ ಮಿನಮಾಟ ಒಪ್ಪಂದದ ದೇಶಗಳು ಒಪ್ಪಿದವು. ಸೆಲ್ಲಾರ್‌ಗಳಿಂದ ಇಳಿಸುವ ಆ ಲಕ್ಷಾಂತರ ಗಾಜಿನ ಕೊಳವೆಗಳು ಎಲ್ಲಿಗೆ ಹೋಗುತ್ತವೆ? ಅವುಗಳ ಜಾಗಕ್ಕೆ ಬರುವ, ದೀಪ ಕೆಟ್ಟರೆ ಫಿಟ್ಟಿಂಗನ್ನೇ ಎಸೆಯಬೇಕಾದ ಎಲ್‌ಇಡಿ ಪಟ್ಟಿಗಳು?

ಎಲ್ಲಕ್ಕಿಂತ ದೊಡ್ಡದು ಯಾರು ಖರ್ಚು ಮಾಡಬೇಕು ಎಂಬುದು. 2023ರ ಜುಲೈಯಿಂದ ಕರ್ನಾಟಕ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಒಳಗಿನ ಮನೆಗಳಿಗೆ, ಹಿಂದಿನ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿದ ಮಿತಿಯವರೆಗೆ ಬಿಲ್ಲಿಲ್ಲ. ಹಗಲಿಡೀ ದೀಪ ಉರಿಸಬೇಕಾದ ಬಡ ಬಾಡಿಗೆದಾರರಿಗೆ ಅದು ದೊಡ್ಡ ಆಸರೆ. ಆದರೆ ಬಿಲ್ಲೇ ಇಲ್ಲದಿದ್ದ ಮೇಲೆ ಗೋಡೆಗೆ ಬಿಳಿ ಬಳಿಸಿ ಉಳಿಸುವುದಕ್ಕೆ ಲೆಕ್ಕದ ಕಾರಣ ಉಳಿಯುವುದಿಲ್ಲ. ಕಣ್ಣಿನ ಕಾರಣ ಮಾತ್ರ ಉಳಿಯುತ್ತದೆ. ಬಾಡಿಗೆದಾರ ಬಲ್ಬು ಕೊಳ್ಳಬಲ್ಲ, ಹೋಗುವಾಗ ಬಿಚ್ಚಿಕೊಂಡೂ ಹೋಗಬಲ್ಲ. ಗೋಡೆ, ಕಿಂಡಿ, ಪಾಯಿಂಟ್ ಮಾಲೀಕರವು. ಹೀಗಾಗಿ ಅಗ್ಗವಾದದ್ದಷ್ಟೇ ಬದಲಾಗುತ್ತದೆ, ಕೆಲಸಕ್ಕೆ ಬರುವುದು ಬದಲಾಗುವುದಿಲ್ಲ.

ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುವಾಗ ಪೇಂಟಿಂಗಿಗೆಂದು ಅಡ್ವಾನ್ಸಿನಿಂದ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ಪದ್ಧತಿ ಗಟ್ಟಿಯಾಗಿದೆ. ನೆಲಮಹಡಿಯನ್ನು ಬಾಡಿಗೆಗೆ ಕೊಡುವ ಮಾಲೀಕರಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಸಲ ಆ ಹಣದಲ್ಲಿ ಸೂರಿಗೆ ಹೊಳಪಿಲ್ಲದ ಬಿಳಿ ಹೊಡೆಸಿ, ಸಂದಿಯ ಕಡೆಯ ಹೊರಗೋಡೆಗೂ ಒಂದು ಕೈ ಬಳಿಸಿ, ಅಡುಗೆ ಕಟ್ಟೆಯ ಮೇಲೆ, ನಿಂತವರ ಮುಂಭಾಗಕ್ಕೆ, ಇನ್ನೊಂದು ಪಾಯಿಂಟ್ ಇಡಿಸಿ.